ಅಣ್ಣನ ಅರ್ಧ ಗಂಟೆ

ಇಪ್ಪತ್ತಾರು ವರ್ಷಗಳಿಂದ ಎಲ್ಲರ ಬಾಯಲ್ಲೂ ಅವನು ಬಾಲ. ಹೆಸರಿಟ್ಟವನು ಸ್ವಂತ ಅಣ್ಣ. ಮೊದಲ ವಿದೇಶ ಪ್ರವಾಸದಲ್ಲಿ, ಸಂಗೀತ ಕಚೇರಿ ಮುಗಿದ ಮೇಲಿನ ಊಟದಲ್ಲಿ, "ಇವನು ನನ್ನ ತಮ್ಮ. ನಾನು ಎಲ್ಲಿ ಹೋದ್ರೂ ಹಿಂದೇನೇ ಇರ್ತಾನೆ, ನನ್ನ ಬಾಲ!" ಅಂದಿದ್ದ. ಎಲ್ಲರೂ ನಕ್ಕರು. ಇವನೂ ನಕ್ಕ, ಬೇರೆ ದಾರಿ ಏನಿತ್ತು? ಅಣ್ಣನದು ಚೆಲ್ಲೋ, ಕೂತು ನುಡಿಸುವ ದೊಡ್ಡ ಪಿಟೀಲು; ಇವನದು ಪಿಯಾನೊ. ಹದಿನೆಂಟು ದೇಶಗಳ ಪೋಸ್ಟರುಗಳಲ್ಲಿ ಅಣ್ಣ ಆಳೆತ್ತರ ನಿಂತಿದ್ದ. ಇವನ ಹೆಸರು ತಳದಲ್ಲಿ, ಮುದ್ರಣಾಲಯದ ವಿಳಾಸದ ಪಕ್ಕದಲ್ಲಿ.

ಅದನ್ನೂ ನುಂಗಿಕೊಂಡಿದ್ದ. ಮೂರು ವಾರಗಳ ಹಿಂದೆ ಅಣ್ಣನ ಮೇಜಿನ ಮೇಲೆ ಕಂಡ ಕಾಗದ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ಕಚೇರಿ ಏರ್ಪಡಿಸುವವರಿಗೆ ಅಣ್ಣ ಬರೆದಿದ್ದ: 'ಮುಂದಿನ ಕಚೇರಿಯೊಂದಿಗೆ ನಮ್ಮ ಜೋಡಿ ಮುಗಿಯುತ್ತದೆ. ತಮ್ಮನಿಗೆ ನಾನೇ ಹೇಳುತ್ತೇನೆ.' ಅಷ್ಟು ಓದುವಷ್ಟರಲ್ಲಿ ಅತ್ತಿಗೆಯ ಹೆಜ್ಜೆ ಸಪ್ಪಳ ಕೇಳಿತು. ಮುಂದಿನ ಪುಟ ಓದುವ ಅಗತ್ಯವೂ ಅವನಿಗೆ ಕಾಣಲಿಲ್ಲ.

ಆಮೇಲೆ ಎಲ್ಲವೂ ತಾಳೆಯಾಗತೊಡಗಿತು. ಪ್ರವಾಸಕ್ಕೆ ಎರಡು ತಿಂಗಳ ಬಿಡುವು ಕೊಟ್ಟದ್ದು. ಒಂದು ದಿನವೂ ಜೊತೆಗೆ ಕೂತು ಅಭ್ಯಾಸ ಮಾಡದೇ ಇದ್ದದ್ದು. "ಹಳೇ ಕೃತಿಗಳೇ ಅಲ್ವೇನೋ, ನಿನಗೆ ನಿದ್ದೆಗಣ್ಣಲ್ಲೂ ಬರುತ್ತೆ" ಎಂದು ಅಣ್ಣ ಜಾರಿಕೊಂಡಿದ್ದ. ಹೊಸ ಪಿಯಾನೊದವನ ಜೊತೆ ಗುಟ್ಟಾಗಿ ಕೂರುತ್ತಿದ್ದಾನೆ, ಇನ್ನೇನು! ಮೇಲಿಂದ ಗಾಯಕ್ಕೆ ಉಪ್ಪು ಸವರಿದ ಹಾಗೆ, "ನಿನ್ನ ಒಂಟಿ ಪಿಯಾನೊ ಕೃತಿಗಳನ್ನೂ ಸಿದ್ಧ ಮಾಡಿಟ್ಕೋ, ಬೇಕಾಗ್ಬಹುದು" ಅಂದಿದ್ದ. ಅಣ್ಣ ಸುಧಾರಿಸಿಕೊಳ್ಳುವ ತನಕ ಜನರನ್ನು ಕೂರಿಸಿಟ್ಟುಕೊಳ್ಳುವುದಕ್ಕೆ ಬಾಲ. ಅವನು ಸಿಟ್ಟಿನಿಂದಲೇ ಅಭ್ಯಾಸ ಮಾಡಿದ್ದ, ಚೆನ್ನಾಗಿಯೇ ಮಾಡಿದ್ದ.

ಕೊಲೆಯ ಉಪಾಯ ಕೊಟ್ಟದ್ದೂ ಅಣ್ಣನೇ. ಪ್ರತಿ ಕಚೇರಿಗೆ ಮುಂಚೆ ಐದೂಕಾಲಿಗೆ ಅಣ್ಣ ವೇದಿಕೆಯ ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು ಅರ್ಧ ಗಂಟೆ ನಿಧಾನವಾಗಿ ಸ್ವರಗಳನ್ನು ಎಳೆಯುತ್ತಿದ್ದ. ಯಾರೂ ಬಾಗಿಲು ಬಡಿಯುವ ಹಾಗಿಲ್ಲ. ಹೋದ ವರ್ಷ ಇವನು ಅದನ್ನು ಬಾಗಿಲ ಹೊರಗೆ ನಿಂತು ಧ್ವನಿಮುದ್ರಿಸಿಕೊಂಡಿದ್ದ, ಆಗ ಬರೀ ಪ್ರೀತಿಯಿಂದ. ಈಗ ಅದರ ಮುಂದೆ ನಲವತ್ತು ನಿಮಿಷದ ಮೌನ ಸೇರಿಸಿ, ಬೆಂಕಿಪೆಟ್ಟಿಗೆಯಷ್ಟು ಚಿಕ್ಕ ಸ್ಪೀಕರಿಗೆ ತುಂಬಿದ. ನಾಲ್ಕೂಕಾಲಿಗೆ ಅಣ್ಣ ಸಾಯುತ್ತಾನೆ. ಐದಕ್ಕೆ ಕಾವಲುಗಾರ ಓಣಿಯ ಕುರ್ಚಿಗೆ ಬರುತ್ತಾನೆ, ಚೆಲ್ಲೋ ಕೇಳುತ್ತಾನೆ. ಆ ಹೊತ್ತಿಗೆ ಇವನು ವೇದಿಕೆಯ ಮೇಲೆ, ಪಿಯಾನೊ ಶ್ರುತಿ ಮಾಡುವವನ ಕಣ್ಣೆದುರು. ಹಿತ್ತಲ ಗಲ್ಲಿಗೆ ತೆರೆಯುವ ಕಿಟಕಿಯ ಚಿಲಕ ಮುರಿದಿರುತ್ತದೆ. ಅಲ್ಲಿಂದ ಯಾವ ಕಳ್ಳ ಬೇಕಾದರೂ ಬಂದಿರಲಿ.

ನಾಲ್ಕೂಕಾಲಿಗೆ ಸರಿಯಾಗಿ ಒಳಗೆ ಹೋದ. ಅಣ್ಣ ಕನ್ನಡಿಯ ಮುಂದೆ ಕೂತಿದ್ದ. ಚೆಲ್ಲೋ ಇನ್ನೂ ಪೆಟ್ಟಿಗೆಯೊಳಗೇ ಇತ್ತು.

"ಬಂದ್ಯಾ ಬಾಲ? ಬಾ, ಕೂತ್ಕೋ. ನಿನ್ನ ಹತ್ರ ಒಂದು ಮಾತು ಹೇಳ್ಬೇಕು."

"ಗೊತ್ತಣ್ಣ" ಅಂದ ಅವನು. ಜೇಬಿನಲ್ಲಿ ತಂದಿದ್ದ ಚೆಲ್ಲೋದ ಅತಿ ದಪ್ಪ ಬಿಡಿ ತಂತಿಯನ್ನು ಹಿಂದಿನಿಂದ ಕೊರಳಿಗೆ ಹಾಕಿ ಎಳೆದ.

ಚರ್ಮದ ಕೈಗವಸು ತೊಟ್ಟಿದ್ದರೂ ತಂತಿ ಅಂಗೈಗೆ ಕಚ್ಚಿತು. ಕುರ್ಚಿ ಉರುಳಿತು. ಅಣ್ಣನ ಹಣೆ ಮೇಜಿನ ಅಂಚಿಗೆ ಬಡಿದು ಒಡೆಯಿತು, ರಕ್ತ ಹುಬ್ಬಿನ ಮೇಲಿಂದ ಕನ್ನಡಿಗೆ ಚಿಮ್ಮಿತು. ಬೆನ್ನಿಗೆ ಮೊಣಕಾಲು ಕೊಟ್ಟು ಇನ್ನಷ್ಟು ಬಿಗಿದ. ಅಣ್ಣನ ಬಲಗೈ ಕೊರಳು ಪರಚಿಕೊಂಡಿತು, ಇವನ ತೋಳು ಹಿಡಿದೆಳೆಯಿತು, ಕೋಟಿನ ಗುಂಡಿ ಕಿತ್ತಿತು. ಎಡಗೈ ಮಾತ್ರ ಪಕ್ಕದಲ್ಲಿ ಸುಮ್ಮನೆ ಬಿದ್ದಿತ್ತು. ಅಬ್ಬಾ, ಪ್ರಾಣ ಹೋಗುವಾಗಲೂ ಆ ಕೈಗೆ ನೋವಾಗಬಾರದು! ಒಂದು ಬಾಟಲಿಯ ಮುಚ್ಚಳವನ್ನೂ ಆ ಕೈಯಲ್ಲಿ ತೆಗೆದವನಲ್ಲ, ತಂತಿ ಒತ್ತುವ ಬೆರಳುಗಳು ಅಂತ. ಆ ಜಂಬ ಕಂಡು ಅವನು ಇನ್ನೂ ಜೋರಾಗಿ ಎಳೆದ. ಕಾಲುಗಳ ಒದ್ದಾಟ ನಿಂತ ಮೇಲೂ ನೂರರ ತನಕ ಎಣಿಸಿ ತಂತಿ ಬಿಟ್ಟ.

ಉಳಿದದ್ದೆಲ್ಲ ಅಂದುಕೊಂಡ ಹಾಗೆಯೇ ನಡೆಯಿತು. ಚೆಲ್ಲೋವನ್ನು ಪೆಟ್ಟಿಗೆಯಿಂದ ತೆಗೆದು ಕುರ್ಚಿಗೆ ಒರಗಿಸಿದ. ಗುಂಡಿ ಹುಡುಕಿ ಜೇಬಿಗೆ ಹಾಕಿಕೊಂಡ, ಚಿಲಕ ಮುರಿದ, ನಾಲ್ಕು ಮೂವತ್ತೈದಕ್ಕೆ ಸ್ಪೀಕರನ್ನು ಚಾಲೂ ಮಾಡಿ ಕನ್ನಡಿಯ ಹಿಂದಿಟ್ಟ. ಐದೂಕಾಲಿಗೆ ವೇದಿಕೆಯ ತನಕ ಚೆಲ್ಲೋದ ಸ್ವರ ತೇಲಿಬಂದಾಗ ಶ್ರುತಿ ಮಾಡುವವನು ಕೈ ನಿಲ್ಲಿಸಿ, "ಎಂಥಾ ಕೈ ಸಾರ್ ನಿಮ್ಮಣ್ಣಂದು!" ಅಂದ. ಆರಕ್ಕೆ ಇವನು ಕಾವಲುಗಾರನನ್ನು ಜೊತೆಗೆ ಕರೆದುಕೊಂಡೇ ಬಾಗಿಲು ತೆಗೆದ, ಕಿರುಚಿದ, ಅವನನ್ನು ಪೊಲೀಸರಿಗೆ ಫೋನ್ ಮಾಡಲು ಓಡಿಸಿ ಸ್ಪೀಕರನ್ನು ಕೋಟಿನ ಒಳಜೇಬಿಗೆ ಸೇರಿಸಿದ. ಕಣ್ಣೀರು ಮಾತ್ರ ಯೋಜನೆಯಲ್ಲಿರಲಿಲ್ಲ, ತಾನಾಗಿಯೇ ಬಂತು.

ಏಳು ಗಂಟೆಗೆ ಓಣಿಯಲ್ಲಿ ಇನ್ಸ್‌ಪೆಕ್ಟರ್ ಬರೆದುಕೊಳ್ಳುತ್ತಿದ್ದ. ಅತ್ತಿಗೆ ಬೆಂಚಿನ ಮೇಲೆ ಕುಸಿದು ಕೂತಿದ್ದಳು.

"ಐದೂಕಾಲಿಂದ ಐದೂಮುಕ್ಕಾಲಿನ ತನಕ ಯಜಮಾನ್ರು ನುಡಿಸ್ತಾನೇ ಇದ್ರು ಸಾರ್, ಈ ಕಿವಿಯಾರೆ ಕೇಳಿದೀನಿ" ಅಂದ ಕಾವಲುಗಾರ.

ಅತ್ತಿಗೆ ತಲೆಯೆತ್ತಿದಳು. "ಯಾರು ನುಡಿಸ್ತಿದ್ರು?" ಅಂದಳು. "ಎರಡು ತಿಂಗಳಾಯ್ತಲ್ಲಪ್ಪಾ ಅವರ ಎಡಗೈ ಸತ್ತು. ನರಾನೇ ಹೋಗಿದೆ, ಇನ್ನು ಬರಲ್ಲ ಅಂದ್ರು ಡಾಕ್ಟ್ರು. ಒಂದು ಲೋಟ ಹಿಡಿಯೋಕಾಗ್ತಿರಲಿಲ್ಲ." ಮೈದುನನ ಕಡೆ ತಿರುಗಿದಳು, ಅಳು ಉಕ್ಕಿ ಬಂತು. "ನಿನಗೆ ಇವತ್ತೇ ಹೇಳ್ಬೇಕು ಅಂತಿದ್ರು ಕಣೋ. ವೇದಿಕೆ ಮೇಲೆ ಬಂದು, ಇನ್ನು ನಂದು ಮುಗೀತು, ಇವತ್ತಿನ ಕಚೇರಿ ಪೂರ್ತಿ ನನ್ನ ತಮ್ಮಂದು ಅಂತ ಹೇಳಿ, ಮುಂದಿನ ಸಾಲಲ್ಲಿ ಕೂತು ಕೇಳ್ತೀನಿ ಅಂದಿದ್ರು." ಇನ್ಸ್‌ಪೆಕ್ಟರ್ ಬರೆಯುವುದನ್ನು ನಿಲ್ಲಿಸಿದ. ಬಾಗಿಲ ಒಳಗೆ ನೆಲದ ಮೇಲೆ ಆ ಎಡಗೈ ಸಂಜೆ ಬಿದ್ದಿದ್ದ ಹಾಗೆಯೇ ಬಿದ್ದಿತ್ತು. ತಮ್ಮನ ಗುಂಡಿ ಕಿತ್ತುಹೋದ ಕೋಟಿನ ಮೇಲೆ ಒಂದು ಕ್ಷಣ ಕಣ್ಣಾಡಿಸಿ, "ಸ್ವಲ್ಪ ಜೇಬಲ್ಲಿರೋದನ್ನೆಲ್ಲ ಬೆಂಚಿನ ಮೇಲಿಡ್ತೀರಾ?" ಅಂದ ಇನ್ಸ್‌ಪೆಕ್ಟರ್.