ಹಾರ್ಲನ್ ಆರಿಸಿಕೊಂಡ ವಿಮಾನ

ಭಾಮೈದ ಬೇಟೆಯಾಡಿ ತಂದ ಮಾಂಸ ತಿನ್ನುವುದು ಪಾಪವೇನಲ್ಲ. ಆದರೆ ಹತ್ತೊಂಬತ್ತು ಚಳಿಗಾಲ ಅದನ್ನೇ ತಿಂದು, ತುತ್ತುತುತ್ತಿಗೂ "ಹೇಗಿದೆ ಭಾವ?" ಎಂಬ ಪ್ರಶ್ನೆಗೆ "ಚೆನ್ನಾಗಿದೆ" ಎಂದು ತಲೆಯಾಡಿಸುತ್ತ ಬಂದರೆ ಎಂಥ ಸಾಧುವಿನ ಹೊಟ್ಟೆಯಲ್ಲೂ ಕಿಚ್ಚು ಹತ್ತುತ್ತದೆ. ಹಾರ್ಲನ್ ಸಾಧುವೂ ಆಗಿರಲಿಲ್ಲ.

ಅಲಾಸ್ಕಾದ ಸ್ಪ್ರೂಸ್ ಲ್ಯಾಂಡಿಂಗ್ ಊರಿನಲ್ಲಿ ಗಂಡಸಿನ ಮರ್ಯಾದೆ ಇರುವುದು ಅವನ ಮನೆಯ ಫ್ರೀಜರಿನಲ್ಲಿ. ಹಾರ್ಲನ್‌ನ ಫ್ರೀಜರಿನ ತುಂಬ ಇದ್ದದ್ದು ಹೆಂಡತಿಯ ತಮ್ಮ ಡ್ವೇನ್ ಹೊಡೆದ ಮೂಸ್ ಮಾಂಸ. ಪ್ರತಿ ಪೊಟ್ಟಣದ ಮೇಲೂ ಡ್ವೇನ್‌ನ ದಪ್ಪ ಅಕ್ಷರ: "ಭಾವನಿಗೆ, ಪ್ರೀತಿಯಿಂದ." ಸೆಪ್ಟೆಂಬರ್ ಬಂತೆಂದರೆ ಇಬ್ಬರೂ ಜೊತೆಯಾಗಿಯೇ ಕಾಡಿಗೆ ಹೋಗುತ್ತಿದ್ದರು. ಬಂದೂಕು ಡ್ವೇನ್‌ನದು, ಚೂರಿ ಹಾರ್ಲನ್‌ನದು. ಕುದುರೆಗಿಂತ ಎತ್ತರದ ಆ ಕಡವೆಯನ್ನು ಸುಲಿದು, ಕಡಿದು, ಹೊತ್ತು ತರುವಷ್ಟರಲ್ಲಿ ಹಾರ್ಲನ್‌ನ ಸೊಂಟ ಮುರಿದುಹೋಗುತ್ತಿತ್ತು. ಕೊಂಬು ಹಿಡಿದು ಫೋಟೋಗೆ ನಿಲ್ಲುವವನು ಡ್ವೇನ್. ಫೋಟೋ ತೆಗೆಯುವವನೂ ಹಾರ್ಲನ್ನೇ.

ಕಳೆದ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದೂಟದ ದಿನ ಮಾವ ಗುನ್ನಾರ್ ಫೋರ್ಕಿನಿಂದ ಲೋಟ ಬಡಿದು ಎಲ್ಲರನ್ನೂ ಸುಮ್ಮನಾಗಿಸಿದರು.

"ನದಿ ಸಮುದ್ರ ಸೇರೋ ಕಡೆ ಇರೋ ನನ್ನ ಮರದ ಮನೆ ಯಾರಿಗೆ ಅಂತ ತೀರ್ಮಾನ ಮಾಡಿದ್ದೀನಿ. ಗೋಡೆ ಮೇಲೆ ನನ್ನ ಕೊಂಬು ಕಾಣ್ತಿದೆಯಲ್ಲ, ಮುಂದಿನ ಬೇಟೆಗಾಲದಲ್ಲಿ ಅದಕ್ಕಿಂತ ಅಗಲದ್ದು ಯಾರು ತರ್ತಾರೋ ಅವ್ರಿಗೆ. ಒಬ್ಬೊಬ್ರೇ ಹೋಗ್ಬೇಕು. ಗೈಡು ಗೀಡು ಅಂತ ಯಾರ್ನೂ ಕಟ್ಕೊಳ್ಳೋ ಹಾಗಿಲ್ಲ."

"ಹಾಗಾದ್ರೆ ಬೀಗದ ಕೈ ಈಗ್ಲೇ ಕೊಟ್ಬಿಡಪ್ಪ," ಅಂದ ಡ್ವೇನ್. "ಭಾವ, ನೀವು ಬೇಜಾರು ಮಾಡ್ಕೋಬೇಡಿ. ಬಂದಾಗೆಲ್ಲ ಹಬೆಸ್ನಾನಕ್ಕೆ ಸೌನಾ ಕಾಯಿಸಿ ಕೊಡ್ತೀನಿ. ಸೌದೆ ಮಾತ್ರ ನೀವೇ ಒಡ್ಕೊಂಡ್ರಾಯ್ತು."

ಎಲ್ಲರೂ ನಕ್ಕರು. ಹೆಂಡತಿ ಮಾರ್ಲಿಸ್ ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕಳು. ಹಾರ್ಲನ್‌ಗೆ ಆ ಮನೆಯೆಂದರೆ ಪ್ರಾಣ. ಅದರ ಜಗಲಿಯಲ್ಲಿ ಕಾಲು ಚಾಚಿ ಕುಳಿತು ಡ್ವೇನ್ ಸೌದೆ ಒಡೆಯುವುದನ್ನು ನೋಡಬೇಕೆಂಬುದು ಅವನ ಬಹುದಿನದ ಆಸೆ. ನ್ಯಾಯವಾಗಿ ಗೆಲ್ಲುವ ಯೋಚನೆ ಅವನಿಗೆ ಬರಲೇ ಇಲ್ಲವೆಂದಲ್ಲ. ಬಂತು, ಸಿಹಿಗುಂಬಳದ ಪೈ ಒಂದು ತುಂಡು ಮುಗಿಯುವಷ್ಟು ಹೊತ್ತು ಇತ್ತು, ಹೋಯಿತು. ತನ್ನ ಗುರಿ ಎಂಥದ್ದೆಂದು ಅವನಷ್ಟು ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ.

ಜನವರಿಯಲ್ಲಿ ಫೇರ್‌ಬ್ಯಾಂಕ್ಸ್‌ಗೆ ಹೋಗಿ ಒಬ್ಬ ವಿಧವೆಯ ಗ್ಯಾರೇಜಿನಿಂದ ಒಂದು ಜೋಡಿ ಕೊಂಬು ಕೊಂಡ. ಬುರುಡೆಯ ಸಮೇತ ಇತ್ತು, ಮಾವನ ಕೊಂಬಿಗಿಂತ ಒಂದು ಗೇಣು ಅಗಲ. ಗಂಡನ ನೆನಪಿಗೆ ಇಟ್ಟುಕೊಂಡಿದ್ದಿರೇನೋ ಎಂದು ಅವನು ಸಂಕೋಚಪಟ್ಟರೆ ಆಕೆ, "ಕಾರು ಹತ್ತೋವಾಗ ಇಳಿಯೋವಾಗ ಅದಕ್ಕೆ ತಲೆ ಹೊಡೆಸ್ಕೊಂಡು ಸಾಕಾಗಿದೆ, ಬೇಗ ತಗೊಂಡ್ಹೋಗಪ್ಪ" ಅಂದಳು. ಮಾರ್ಚಿನಲ್ಲಿ, ಜೌಗುನೆಲವೆಲ್ಲ ಹೆಪ್ಪುಗಟ್ಟಿ ಕಲ್ಲಾಗಿರುವಾಗ, ಅದನ್ನು ಹಿಮದ ಮೇಲೆ ಓಡುವ ಸ್ನೋಮಶೀನಿನ ಹಿಂದೆ ಕಟ್ಟಿ ಕಾಲ್ಚೀಲ ಎಂಬ ಹೆಸರಿನ ಕೆರೆಯ ದಂಡೆಗೆ ಎಳೆದೊಯ್ದ. ಹಿಮ ಕರಗಿದ ಮೇಲೆ ಅಲ್ಲಿಗೆ ನೀರಿನ ಮೇಲಿಳಿಯುವ ವಿಮಾನ ಬಿಟ್ಟರೆ ಬೇರೆ ದಾರಿಯಿಲ್ಲ. ಇಲಿ ಅಳಿಲು ಕಡಿಯದಂತೆ ದಪ್ಪ ಟಾರ್ಪಾಲಿನಲ್ಲಿ ಸುತ್ತಿ ಮರದ ಮೇಲೆ ಬಿಗಿದ. ಮನೆಯಲ್ಲಿ ಮೀನು ಹಿಡಿಯಲು ಹೋಗುತ್ತೇನೆಂದು ಹೇಳಿದ್ದನಾದ್ದರಿಂದ ಬರುವಾಗ ಅಂಗಡಿಯಲ್ಲಿ ಮೀನು ಕೊಂಡು, ಬೆಲೆಯ ಚೀಟಿ ಕಿತ್ತು, ಬಕೆಟಿಗೆ ಹಾಕಿಕೊಂಡು ಬಂದ. ಕಳ್ಳರು ಸಿಕ್ಕಿಬೀಳುವುದು ಇಂಥ ಸಣ್ಣ ವಿಷಯಗಳಲ್ಲಿ ಎಡವಿಯೇ ಎಂಬುದು ಅವನ ಸಿದ್ಧಾಂತ.

ಬರೀ ಕೊಂಬು ತಂದರೆ ಆಗದು. ಕೊಂಬಿನ ಆಸೆಗೆ ಮಾಂಸವನ್ನು ಕಾಡಿನಲ್ಲೇ ಕೊಳೆಯಲು ಬಿಟ್ಟು ಬರುವ ಪುಣ್ಯಾತ್ಮರಿದ್ದಾರೆಂದು ಸರ್ಕಾರಕ್ಕೆ ಗೊತ್ತು. ಅದಕ್ಕೇ ಮೊದಲು ಮಾಂಸ ಊರು ಸೇರಬೇಕು, ಕೊಂಬು ಕೊನೆಗೆ. ಅಂದಮೇಲೆ ಒಂದು ಮೂಸ್ ಸಾಯಲೇಬೇಕು. ಆ ಸೀಮೆಯಲ್ಲಿ ಅಗಲ ಕೊಂಬಿನ ಗಂಡನ್ನು ಮಾತ್ರ ಹೊಡೆಯಬಹುದು. ಎಳೆಯ ಗಂಡಿಗೂ ಕೊಂಬೇ ಇಲ್ಲದ ಹೆಣ್ಣಿಗೂ ಕೈ ಹಚ್ಚುವಂತಿಲ್ಲ. ಆದರೆ ಸುಲಿದು ಬಟ್ಟೆಯ ಚೀಲಕ್ಕೆ ತುಂಬಿದ ಮೇಲೆ ಎಳೆಯದೇನು, ಬಲಿತದ್ದೇನು? ಮಾಂಸಕ್ಕೆ ಮುಖವಿಲ್ಲ. ಎದುರಿಗೆ ಯಾವುದು ಬರುತ್ತದೋ ಅದನ್ನು ಹೊಡೆಯುವುದು, ಅದರ ಜೊತೆಗೆ ವಿಧವೆಯ ಕೊಂಬು ತರುವುದು. ಹಾರ್ಲನ್ ಈ ಉಪಾಯವನ್ನು ಮಗುಚಿ ಮಗುಚಿ ನೋಡಿದ, ಎಲ್ಲೂ ತೂತು ಕಾಣಲಿಲ್ಲ. ಇನ್ನು ಬೇಕಾಗಿದ್ದದ್ದು ಒಂದು ವಿಮಾನ, ಮತ್ತು ಅದನ್ನು ನಡೆಸುವ ತಕ್ಕ ಮನುಷ್ಯ.

ಗೈಡಿಲ್ಲದೆ ದೊಡ್ಡ ಬೇಟೆಗೆ ಹೋಗುವವರು ವಿಮಾನ ಸೇವೆಯನ್ನು ಆರಿಸುವಾಗ ಮಗಳಿಗೆ ಗಂಡು ಹುಡುಕುವಷ್ಟು ಎಚ್ಚರ ವಹಿಸುತ್ತಾರೆ. ಎಷ್ಟು ವರ್ಷದಿಂದ ಹಾರಿಸುತ್ತಿದ್ದೀರಿ, ಹೇಳಿದ ದಿನ ಬರುತ್ತೀರಾ, ಒಂದೇ ಕೆರೆಗೆ ಇಬ್ಬಿಬ್ಬರನ್ನು ಇಳಿಸುತ್ತೀರಾ, ನಡುವೆ ಬದುಕಿದ್ದೇವೋ ಇಲ್ಲವೋ ಎಂದು ನೋಡುತ್ತೀರಾ? ಹಾರ್ಲನ್ ಅವೇ ಪ್ರಶ್ನೆಗಳನ್ನು ಕೇಳಿದ. ಉತ್ತರಗಳನ್ನು ಮಾತ್ರ ತಲೆಕೆಳಗಾಗಿ ತೂಗಿದ.

ಊರಿನಲ್ಲಿ ಎಲ್ಲರೂ ಹೊಗಳುವ ಸೇವೆ ಬರ್ನಡೆಟ್ ಎಂಬಾಕೆಯದು. ಗೋಡೆಯ ತುಂಬ ಪ್ರಶಸ್ತಿಪತ್ರ, ಮೇಜಿನ ಮೇಲೆ ಬಿಸಿ ಕಾಫಿ.

"ನಡುವೆ ಒಂದ್ಸಲ ಮೇಲಿಂದ ಹಾರಿ ನಿಮ್ಮನ್ನ ನೋಡ್ಕೊಂಡು ಬರ್ತೀವಿ," ಅಂದಳು ಬರ್ನಡೆಟ್.

"ಬೇಡ ಅಂದ್ರೂ ಬರ್ತೀರಾ?"

"ಬೇಡ ಅನ್ನೋರನ್ನ ಎರಡು ಸಲ ನೋಡ್ತೀವಿ."

ಹಾರ್ಲನ್ ಕಾಫಿ ಕುಡಿದು ಎದ್ದ. ಎರಡನೆಯ ಸೇವೆಯ ಪೈಲಟ್‌ಗೆ ಕೊಂಬಿನ ಹುಚ್ಚು. ಗಿರಾಕಿಗಳು ತಂದ ಪ್ರತಿಯೊಂದು ಕೊಂಬನ್ನೂ ಸವರಿ, ಮೂಸಿ, ಅದರ ವಯಸ್ಸು, ಅದು ತಿಂದ ಮೇವು ಎಲ್ಲ ಹೇಳುತ್ತಿದ್ದ. ಅವನ ಬಾಗಿಲಿನಿಂದಲೇ ಹಾರ್ಲನ್ ಹಿಂದಕ್ಕೆ ತಿರುಗಿದ. ಮೂರನೆಯವನೇ ಸೆಸಿಲ್, ಎಪ್ಪತ್ತು ದಾಟಿದವನು, ಇರುವುದೊಂದೇ ವಿಮಾನ. ಅವನ ಬಗ್ಗೆ ಗಿರಾಕಿಗಳು ಇಂಟರ್ನೆಟ್ಟಿನಲ್ಲಿ ಬರೆದದ್ದನ್ನು ಓದುತ್ತ ಹಾರ್ಲನ್‌ನ ಕಣ್ಣು ತುಂಬಿ ಬಂತು. "ಬೇರೆ ಕೆರೆಯಲ್ಲಿ ಇಳಿಸಿ ಹೋದ." "ಕರೆದೊಯ್ಯಲು ಬಂದವನು ನಮ್ಮ ಬದಲು ಇನ್ಯಾರನ್ನೋ ಹತ್ತಿಸಿಕೊಂಡ." "ಏನು ಹೊಡೆದಿರಿ ಎಂದು ಸೌಜನ್ಯಕ್ಕೂ ಕೇಳಲಿಲ್ಲ, ಇವನೂ ಒಬ್ಬ ಮನುಷ್ಯನೇ?" ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಆಸಾಮಿ. ಇಂಥವನನ್ನು ದೇವರೇ ತನಗಾಗಿ ಇಷ್ಟು ವರ್ಷ ಜೋಪಾನ ಮಾಡಿಟ್ಟಿದ್ದಾನೆಂದು ಹಾರ್ಲನ್‌ಗೆ ಅನ್ನಿಸಿತು.

ಹೋದಾಗ ಸೆಸಿಲ್ ವಿಮಾನದ ರೆಕ್ಕೆಗೆ ಅಂಟುಪಟ್ಟಿ ಹಚ್ಚುತ್ತಿದ್ದ.

"ಯಾವ ಕೆರೆ ಮರಿ?"

"ಕಾಲ್ಚೀಲ ಕೆರೆ."

"ಎಡಗಾಲಿಂದೋ, ಬಲಗಾಲಿಂದೋ?"

"ಎರಡಿವೆಯಾ ಯಜಮಾನ್ರೇ?"

"ಒಂದೇ ಕಾಲ್ಚೀಲ ಎಲ್ಲಾದ್ರೂ ಇರುತ್ತಾ? ಪಕ್ಕಪಕ್ಕದಲ್ಲೇ ಇವೆ. ನಿಂಗ್ಯಾವುದು ಬೇಕು ಹೇಳು, ಅದ್ರಲ್ಲೇ ಇಳಿಸೋಕೆ ನೋಡ್ತೀನಿ. ಮಾತು ಕೊಡಲ್ಲ."

"ನಾನು ಏನು ಹೊಡೆದೆ, ಹೇಗೆ ಹೊಡೆದೆ ಅಂತ ಕೇಳೋ ಅಭ್ಯಾಸ ಇದೆಯಾ?"

"ನಾನ್ಯಾಕೆ ಕೇಳ್ಲಿ? ಹೊಡೆದೋನು ತಾನಾಗೇ ಶುರು ಮಾಡ್ತಾನೆ, ಊರು ಬಂದ್ರೂ ನಿಲ್ಲಿಸಲ್ಲ. ಅದಕ್ಕೆ ಕಿವಿಗೆ ಹತ್ತಿ ಇಟ್ಕೊಂಡಿರ್ತೀನಿ."

"ಕಣ್ಣು ಹೇಗಿದೆ?"

"ನೀರು ಕಾಣುತ್ತೆ. ಇಳಿಯೋಕೆ ಅಷ್ಟು ಸಾಕು."

ಹಾರ್ಲನ್ ಅಲ್ಲೇ ಮುಂಗಡ ಕೊಟ್ಟು ಕೈಕುಲುಕಿದ. ಬರ್ನಡೆಟ್ ಬಳಿಗೆ ಯಾಕೆ ಹೋಗಲಿಲ್ಲವೆಂದು ಮಾರ್ಲಿಸ್ ರೇಗಿದಾಗ, "ವಯಸ್ಸಾದವರಿಗೆ ನಾಲ್ಕು ಕಾಸು ಸಿಗಲಿ" ಎಂದು ಮುಖ ಸಣ್ಣಗೆ ಮಾಡಿಕೊಂಡು ಹೇಳಿದ. ಗಂಡನಿಗೆ ಇಷ್ಟು ಒಳ್ಳೆಯ ಮನಸ್ಸಿದೆಯೆಂದು ಅವಳಿಗೆ ಅಂದೇ ತಿಳಿದದ್ದು.

ಸೆಪ್ಟೆಂಬರಿನಲ್ಲಿ ಸೆಸಿಲ್ ಅವನನ್ನು ಮೊದಲು ಬಲಗಾಲಿನ ಕೆರೆಯಲ್ಲಿ ಇಳಿಸಿದ. ಹಾರ್ಲನ್ ಕಿವಿಯ ಹತ್ತಿ ತೆಗೆಸಿ ತಿಳಿಹೇಳಿದ ಮೇಲೆ ವಿಮಾನವನ್ನು ಮತ್ತೆ ಎಬ್ಬಿಸಿ ಎಡಗಾಲಿನದಕ್ಕೆ ತಂದ. ಟಾರ್ಪಾಲು, ಮರ, ಕೊಂಬು ಎಲ್ಲ ಇಟ್ಟಲ್ಲೇ ಇದ್ದವು. ವಿಮಾನದಲ್ಲಿ ಬಂದ ದಿನವೇ ಬೇಟೆಯಾಡಬಾರದೆಂಬ ಕಾನೂನಿದೆ. ಹಾರ್ಲನ್ ಅದನ್ನು ಚಾಚೂ ತಪ್ಪದೆ ಪಾಲಿಸಿ ಡೇರೆಯಲ್ಲಿ ಬೀನ್ಸ್ ಬೇಯಿಸಿಕೊಂಡು ಮಲಗಿದ. ದೊಡ್ಡ ತಪ್ಪು ಮಾಡುವವನು ಸಣ್ಣ ನಿಯಮಗಳನ್ನು ಮುರಿಯಬಾರದು ಎಂಬುದು ಅವನ ಇನ್ನೊಂದು ಸಿದ್ಧಾಂತ.

ಮರುದಿನದಿಂದ ಅಂಗೈಗಳನ್ನು ಬಾಯಿಗೆ ಹಿಡಿದು ಹೆಣ್ಣು ಮೂಸ್ ಕೂಗಿದಂತೆ ಕೂಗತೊಡಗಿದ. ಆ ಕೂಗಿಗೆ ಗಂಡುಗಳು ಓಡಿ ಬರಬೇಕು. ಹಾರ್ಲನ್‌ನ ಕೂಗಿಗೆ ಕೆರೆಯ ಬಾತುಗಳು ಹಾರಿಹೋದವು, ಮತ್ತೇನೂ ಆಗಲಿಲ್ಲ. ದಿನಗಟ್ಟಲೆ ಕೂಗಿ ಗಂಟಲು ಕಟ್ಟಿದ ಮೇಲೆ ಒಂದು ಬೆಳಿಗ್ಗೆ ವಿಲೋ ಪೊದೆ ಸರಿಸಿಕೊಂಡು ಒಂದು ಹೆಣ್ಣು ಬಂತು. ಯಾರಿಗೋ ಏನೋ ಸಂಕಟವಾಗಿದೆ, ಕೇಳಿ ಬರೋಣ ಎಂಬಂತೆ ಬಂದು ಅವನ ಮುಂದೆಯೇ ನಿಂತಿತು. ಮೊದಲ ಎರಡು ಗುಂಡುಗಳು ಎಲ್ಲಿಗೆ ಹೋದವೋ, ಅದು ಕದಲಲಿಲ್ಲ. ಮೂರನೆಯದಕ್ಕೆ ಬಿತ್ತು. ಹಾರ್ಲನ್‌ಗೆ ಪಾಪ ಅನ್ನಿಸಿತು, ಒಂದು ಗಳಿಗೆ ಟೋಪಿ ತೆಗೆದು ನಿಂತ. ಆಮೇಲೆ ಚೂರಿ ಮಸೆದ.

ಈ ಭಾಗದಲ್ಲಿ ಅವನನ್ನು ಮೀರಿಸುವವರಿಲ್ಲ. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿದ್ದರೆ ಅವನು ಶಿಳ್ಳೆ ಹಾಕುತ್ತ ಮಾವನ ಮನೆಯ ಜಗಲಿಗೆ ಯಾವ ಬಣ್ಣ ಹೊಡೆಸಬೇಕೆಂದು ಯೋಚಿಸಿದ. ಮಾಂಸವೆಲ್ಲ ಬಿಳಿ ಚೀಲಗಳಿಗೆ ಇಳಿಯಿತು. ತಲೆ, ಚರ್ಮ ಜೌಗಿನಲ್ಲಿ ಮುಳುಗಿದವು. ವಿಧವೆಯ ಕೊಂಬಿಗೆ ರಕ್ತ, ಕೆಸರು, ವಿಲೋ ಸೊಪ್ಪಿನ ರಸ ಹಚ್ಚಿ ಉಜ್ಜಿದ ಮೇಲೆ ಅದು ನಿನ್ನೆ ಸಂಜೆಯವರೆಗೆ ನಡೆದಾಡುತ್ತಿದ್ದಂತೆ ಕಂಡಿತು.

ಆಶ್ಚರ್ಯವೆಂದರೆ ಸೆಸಿಲ್ ಹೇಳಿದ ದಿನವೇ ಬಂದ. ಒಂದು ಮಾತೂ ಕೇಳದೆ ಚೀಲಗಳನ್ನೆಲ್ಲ ಹೇರಿಕೊಂಡು ಹಾರಿಹೋದ. ಎರಡನೆಯ ಸುತ್ತಿಗೆ ಹಾರ್ಲನ್ ಮತ್ತು ಕೊಂಬು. ಕಾಯುತ್ತ ಕೂತು ಹಾರ್ಲನ್ ವಿನಯವನ್ನು ಅಭ್ಯಾಸ ಮಾಡಿದ. "ಅಯ್ಯೋ, ನಂದೇನಿದೆ, ಎಲ್ಲ ಅದೃಷ್ಟ" ಎಂಬ ಮಾತನ್ನು ಕೆರೆಗೆ ಮುಖಮಾಡಿ ಹಲವು ಬಗೆಯಲ್ಲಿ ಹೇಳಿ ನೋಡಿದ. ಗಂಟಲು ಕಟ್ಟಿದ್ದದ್ದೂ ಒಳ್ಳೆಯದೇ ಆಯಿತು, ಮಾತಿಗೆ ಒಂದು ತೂಕ ಬಂದಿತ್ತು.

ವಿಮಾನ ಮತ್ತೆ ಬಂತು. ಸೆಸಿಲ್ ಕೊಂಬನ್ನು ವಿಮಾನದ ತೇಲುಗಾಲಿನ ಕಂಬಿಗೆ ಕಟ್ಟಿ, ಯಾಕೋ ಕಿವಿಯ ಹತ್ತಿ ತೆಗೆದು ಜೇಬಿಗೆ ಹಾಕಿಕೊಂಡ.

"ಊರ ದಡದ ತುಂಬ ಜನ ಮರಿ. ನಿನ್ನ ಮನೆಯೋರೆಲ್ಲ ಬಂದಿದ್ದಾರೆ."

"ಮಾವ?"

"ಕುರ್ಚಿ ತರ್ಸಿಕೊಂಡು ಕೂತಿದ್ದಾರೆ. ವನ್ಯಜೀವಿ ಇಲಾಖೆ ಅಮ್ಮನೂ ಇದ್ದಾಳೆ. ಎಲ್ರಿಗೂ ಆ ಕೊಂಬು ನೋಡ್ಬೇಕಂತೆ."

"ನನ್ನ ಭಾಮೈದ?"

"ಡ್ವೇನಾ? ಮಾಂಸ ಎಲ್ಲ ಅವನೇ ಹೊತ್ಕೊಂಡು ಹೋಗಿ ತೂಗುಹಾಕ್ದ. ಪಾಪ, ಕಣ್ಣಲ್ಲಿ ನೀರು. ಒರೆಸ್ಕೋತಾನೆ, ಮತ್ತೆ ಬರುತ್ತೆ."

ಹಾರ್ಲನ್‌ಗೆ ಹತ್ತೊಂಬತ್ತು ವರ್ಷದ ಉರಿ ಒಂದೇ ಸಲಕ್ಕೆ ತಣ್ಣಗಾಯಿತು. ಸೋತವನಿಗೆ ಸೌನಾ ಕಾಯಿಸಿ ಕೊಡುವುದೆಂದು ದಾರಿಯಲ್ಲೇ ನಿರ್ಧರಿಸಿದ.

ಬೇಟೆಯ ಮಾಂಸ ಬಂದಾಗ ನೆಂಟರೆಲ್ಲ ದಡಕ್ಕೆ ಬಂದು, ಚೀಲ ಬಿಚ್ಚಿ, ಗಾಳಿಗೆ ತೂಗುಹಾಕಿ ಕೊಡುವುದು ಊರಿನ ಪದ್ಧತಿ. ವಿಮಾನ ದಡ ಮುಟ್ಟಿದಾಗ ಎಲ್ಲರೂ ಸಾಲಾಗಿ ನಿಂತಿದ್ದರು. ಮಾರ್ಲಿಸ್ ಸೆರಗಿಲ್ಲದ್ದಕ್ಕೆ ಟೋಪಿಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಇಲಾಖೆಯ ಅಧಿಕಾರಿಣಿ ಅಳತೆಪಟ್ಟಿ ಹಿಡಿದು ಬಂದು ಕೊಂಬಿನ ಅಗಲ ನೋಡಿ, "ಗುನ್ನಾರ್ ಅವರದಕ್ಕಿಂತ ಒಂದು ಗೇಣು ಜಾಸ್ತಿ" ಎಂದಳು. ಹಾರ್ಲನ್ ಟೋಪಿ ತೆಗೆದು, ತಲೆ ತಗ್ಗಿಸಿ, ಅಭ್ಯಾಸ ಮಾಡಿದ ದನಿಯಲ್ಲೇ ಹೇಳಿದ:

"ಅಯ್ಯೋ, ನಂದೇನಿದೆ, ಎಲ್ಲ ಅದೃಷ್ಟ. ಇಂಥ ಗಂಡನ್ನ ನಾನು ಜನ್ಮದಲ್ಲೇ ನೋಡಿರ್ಲಿಲ್ಲ."

"ನಾವೂ ನೋಡಿರ್ಲಿಲ್ಲ ಭಾವ," ಎಂದು ಡ್ವೇನ್ ಕಣ್ಣೊರೆಸಿಕೊಳ್ಳುತ್ತ ಪಕ್ಕಕ್ಕೆ ಸರಿದ. ಅವನ ಹಿಂದೆ ಚೀಲ ಬಿಚ್ಚಿ ತೂಗುಹಾಕಿದ್ದ ಹಿಂಗಾಲಿನ ತೊಡೆ ಕಂಡಿತು. ಹೊಡೆದದ್ದು ಗಂಡೋ ಹೆಣ್ಣೋ ಎಂದು ನೋಡಿದವರಿಗೆ ತಿಳಿಯಬೇಕು, ಆ ಗುರುತನ್ನು ತೊಡೆಯಿಂದ ಕತ್ತರಿಸದೆ ಹಾಗೇ ಬಿಟ್ಟು ತರಬೇಕು, ಇದು ಅಲ್ಲಿಯ ಕಾನೂನು. ಡ್ವೇನ್‌ನ ಅಷ್ಟೂ ಗಂಡು ಮೂಸ್‌ಗಳನ್ನು ಸುಲಿದ ಹಾರ್ಲನ್‌ನ ಕೈ ಆ ಕಾನೂನನ್ನು ಒಮ್ಮೆಯೂ ಮರೆತದ್ದಿಲ್ಲ, ಶಿಳ್ಳೆ ಹಾಕುತ್ತಿದ್ದಾಗಲೂ ಮರೆತಿರಲಿಲ್ಲ. ಒಂದು ಗೀರೂ ಬೀಳದಂತೆ, ಬಲು ಅಚ್ಚುಕಟ್ಟಾಗಿ, ತೊಡೆಯ ಒಳಗಿನಿಂದ ಕೆಚ್ಚಲು ಜೋತಾಡುತ್ತಿತ್ತು. ಗುನ್ನಾರ್ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೊಂಬನ್ನೊಮ್ಮೆ, ಕೆಚ್ಚಲನ್ನೊಮ್ಮೆ ನಿಧಾನವಾಗಿ ನೋಡಿ, "ಕೊಂಬೇನೋ ಭರ್ಜರಿಯಾಗಿದೆ ಅಳಿಯಂದ್ರೇ," ಎಂದರು. "ಹೊತ್ತಿಗೆ ಎಷ್ಟು ಹಾಲು ಕೊಡ್ತಿತ್ತು?"