ಪಾನಕಕ್ಕೆ ಬೆರೆಸಿದ್ದು

ತೊಣ್ಣೂರಿನ ನಾಗಲಕ್ಷ್ಮಮ್ಮನ ಜಗಲಿ ಹತ್ತಿ, ಬೊಗಸೆ ಒಡ್ಡಿ, ಆಮೇಲೆ ಮದ್ದು ಬೇಡ ಅಂದ ಮನುಷ್ಯ ಇದ್ದರೆ ಅವನು ಮೋಹನ್ ಕುಮಾರ್ ಒಬ್ಬನೇ.

ತೊಂಬತ್ನಾಲ್ಕರ ಬೇಸಿಗೆ. ಪಾಂಡವಪುರದಲ್ಲಿ ಚಿನ್ನದ ಕೆಲಸ ಮಾಡುವ ಹುಡುಗ, ಸೋದರತ್ತೆ ಪುಟ್ಟಗೌರಮ್ಮನನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಬಂದಿದ್ದ. ಇಬ್ಬರಿಗೂ ಹೊಟ್ಟೆಯೊಳಗೆ ಉರಿನೋವು.

“ಇವ್ನಿಗೇ ಮೊದ್ಲು ಕೊಡಿ ತಾಯಿ,” ಅಂದಳು ಪುಟ್ಟಗೌರಮ್ಮ. “ಬೆಳಗ್ಗಿಂದ ಸಂಜೆಗಂಟ ಬೆಂಕಿ ಮುಂದೆ ಕುಂತಿರ್ತಾನೆ. ಉಣ್ಣೋದು ಮರ್ತು ಬರೀ ಟೀ ಕುಡೀತಾನೆ. ಹುಣ್ಣಾಗದೆ ಅಂತ ಡಾಕ್ಟ್ರು ಯೋಳವ್ರೆ.”

ನಾಗಲಕ್ಷ್ಮಮ್ಮ ಕೊಡುತ್ತಿದ್ದುದು ಅವಳ ಅತ್ತೆ ಕಲಿಸಿಕೊಟ್ಟ ಮದ್ದು. ಹಲವು ಮಕ್ಕಳ ತಾಯಿ ಬೇರು, ಮಾಗಳಿ ಬೇರು, ಅತಿಮಧುರ ಎಲ್ಲವನ್ನೂ ಕಲ್ಲಿನ ಮೇಲೆ ನುಣ್ಣಗೆ ಅರೆದು, ಕಲ್ಲುಸಕ್ಕರೆ ಹಾಕಿ ಕುದಿಸಿದ್ದು. ಅಲ್ಲೇ ಕೂತು ಕುಡಿಯಬೇಕು, ಮನೆಗೆ ಒಯ್ಯುವಂತಿಲ್ಲ. ಬೊಗಸೆಗೆ ಹಾಕುವ ಮುಂಚೆ ಆಕೆ ಎಲ್ಲರಿಗೂ ಒಂದು ಮಾತು ಹೇಳುತ್ತಿದ್ದಳು.

“ಈ ಮನೆ ಮದ್ದು ಕುಡಿದೋರು ಈ ಮನೆ ಮಕ್ಳು. ಕೊಟ್ಟೋಳು ತಾಯಿ. ಆಮೇಕೆ ನಮ್ಮನೇಲಿ ಎಣ್ಣು ಕೊಡದು ತರದು ಇಲ್ಲ.”

ಇದೇನು ಬಾಯಿಮಾತಲ್ಲ. ಈ ಮನೆಯ ಹೆಣ್ಣು ಕೇಳಲು ಬಂದವನು ಮದ್ದು ಅರೆಯುವ ಕಲ್ಲನ್ನು ಮುಟ್ಟಿ, ಕುಡಿದಿಲ್ಲ ಅನ್ನಬೇಕು. ಸುಳ್ಳಾಡಿದರೆ ಹೊಟ್ಟೆನೋವು ಸಾಯುವ ತನಕ ಬಿಡುವುದಿಲ್ಲವೆಂದು ನಂಬಿಕೆ. ಹಿಂದಿನ ವರ್ಷ ಮಗಳು ರಮ್ಯಶ್ರೀಯನ್ನು ನೋಡಲು ನಾಗಮಂಗಲದಿಂದ ಬಂದವನು, ಚಿಕ್ಕಂದಿನಲ್ಲಿ ಇಲ್ಲೇ ಕುಡಿದದ್ದು ನೆನಪಾಗಿ, ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ಎದ್ದು ಹೋಗಿದ್ದ.

ಮೋಹನ ಬೊಗಸೆ ಒಡ್ಡಿದ್ದಾಗಲೇ ರಮ್ಯ ಮದ್ದಿನ ಪಾತ್ರೆ ಹಿಡಿದು ಒಳಗಿನಿಂದ ಬಂದಳು. ಅವನು ತಲೆಯೆತ್ತಿ ನೋಡಿದ. ನೋಡುತ್ತಲೇ ಇದ್ದ. ರಮ್ಯಳ ಕಿವಿ ಬಿಸಿಯಾಯಿತು. ಅವನ ಬೊಗಸೆ ಮಾತ್ರ ಮೆಲ್ಲಗೆ ಬಿಚ್ಚಿಕೊಂಡು, ಎರಡು ಕೈಗಳೂ ಪ್ಯಾಂಟಿನ ಜೇಬಿಗೆ ಹೋದವು.

“ನಂಗೆ ಬ್ಯಾಡ ನಾಗಲಕ್ಷ್ಮಮ್ಮೋರೆ. ಅತ್ತೇಗೆ ಕೊಡಿ.”

ಪಾತ್ರೆಯೊಳಗಿನ ಕೆಸರು ಬಣ್ಣ ನೋಡಿ ಅಸಹ್ಯಪಟ್ಟುಕೊಂಡ ಅಂದುಕೊಂಡಳು ರಮ್ಯ. ಪೇಟೆಯವನ ಜಂಬ! ಅವಳಿಗೆ ಉರಿದುಹೋಯಿತು.

ಆದರೂ ಭಾನುವಾರ ಬಂತೆಂದರೆ ಅವಳ ಕಿವಿ ಮೊಪೆಡ್ಡಿನ ಸದ್ದಿಗೆ ಕಾಯತೊಡಗಿತು. ಮದ್ದು ಕುಡಿಯಲು ಬಂದ ಅತ್ತೆ ಒಳಗೆ ಹರಟೆ ಹೊಡೆಯುವಾಗ ಅವನು ಜಗಲಿ ಕಂಬಕ್ಕೊರಗಿ ಕೂರುತ್ತಿದ್ದ.

“ಏನ್ರೀ, ಕಂಬ ಬೀಳ್ತದೆ ಅಂತ ಇಡ್ಕೊಂಡಿದ್ದೀರಾ?”

“ನಿಮ್ಮಪ್ಪ ಕೆತ್ತಿರೋ ಕಂಬ, ಬೀಳಕಿಲ್ಲ. ನಾನೇ ಬೀಳ್ತೀನೇನೋ ಅಂತ.”

ತಮಾಷೆ ಮಾಡುತ್ತಿರುವಾಗಲೇ ಅವನ ಮುಖ ಬಿಳುಚಿಕೊಳ್ಳುತ್ತಿತ್ತು. ಮಾತು ನಿಲ್ಲಿಸಿ, ಹೊಟ್ಟೆಗೆ ಮುಷ್ಟಿ ಒತ್ತಿ, ತುಟಿ ಕಚ್ಚಿ ಕೂರುತ್ತಿದ್ದ. ಒಂದು ಭಾನುವಾರ ಬೇಲಿಯ ಮರೆಗೆ ಹೋಗಿ ವಾಂತಿ ಮಾಡಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ಬಂದ. ಗುಣವಾಗುವ ಮದ್ದು ಒಳಗೆ ಒಲೆಯ ಮೇಲೇ ಇತ್ತು.

“ಒಂದ್ಸಲ ಕುಡೀರಿ. ಯಾಕಿಂಗೆ ಹಟ ಮಾಡ್ತೀರಿ?”

“ಬ್ಯಾಡ ಅಂದ್ನಲ್ಲ. ಬುಡು.”

ಯಾವ ಕಾರಣಕ್ಕೆ ಎಂದು ಕೂತು ಕೇಳಬಹುದಿತ್ತು. ಕೇಳಲಿಲ್ಲ. ಅವಮಾನವಾದಂತಾಗಿ ಒಳಗೆ ಹೋದಳು. ಬೆಲ್ಲ ಕರಗಿಸಿ, ಏಲಕ್ಕಿ ಕುಟ್ಟಿ, ನಿಂಬೆಹಣ್ಣು ಹಿಂಡಿ ಪಾನಕ ಮಾಡಿ, ಅದರೊಳಕ್ಕೆ ಮದ್ದು ಬೆರೆಸಿದಳು.

ಅವನು ತನ್ನನ್ನು ಮದುವೆಗೆ ಕೇಳಲು ಬಂದಾನೆಂದು ಅವಳು ಎಣಿಸಿರಲಿಲ್ಲ ಅಂದರೆ ಸುಳ್ಳು. ಎಣಿಸಿದ್ದಳು. ಆದರೆ ಬೊಗಸೆಗೆ ಹಾಕಿಲ್ಲ, ಅಮ್ಮ ಹೇಳುವ ಮಾತು ಹೇಳಿಲ್ಲ, ಲೋಟದಲ್ಲಿ ಕೊಟ್ಟ ಪಾನಕ ಮದ್ದು ಹೇಗಾದೀತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಪ್ರೀತಿಗೆ ಬಿದ್ದವರಿಗೆ ಇಂಥ ಲಾಯರಿಕೆ ತಾನಾಗಿ ಬರುತ್ತದೆ.

ಅಲ್ಲಿಂದ ಭಾನುವಾರಗಳು ಸಿಹಿಯಾದವು. ಅವನು ಮಧ್ಯದಲ್ಲೂ ಏನಾದರೊಂದು ನೆಪ ತೆಗೆದು ಬರತೊಡಗಿದ, ಅವಳು ಲೋಟ ತುಂಬಿಸತೊಡಗಿದಳು. ಮಳೆಗಾಲ ಹಿಡಿಯುವ ಹೊತ್ತಿಗೆ ಅವನ ಕೆನ್ನೆ ತುಂಬಿಕೊಂಡಿತ್ತು.

“ನಿನ್ನ ಪಾನಕದಲ್ಲಿ ಏನೋ ಅದೆ ಕಣಮ್ಮಿ.”

“ಬೆಲ್ಲ ಅದೆ. ಇನ್ನೇನಿರ್ತದೆ?”

“ಬೆಲ್ಲ ಕುಡುದ್ರೆ ಇಂಗಾಯ್ತದಾ? ನೆನ್ನೆ ಮುದ್ದೆ, ಉಪ್ಸಾರು, ಖಾರ ಉಂಡೆ. ಏನೂ ಆಗ್ಲಿಲ್ಲ!”

ಲೋಟ ವಾಪಸು ಕೊಡುವಾಗ ಬೆರಳಿಗೆ ಬೆರಳು ತಾಗಿಸಿ, ಏನೂ ಆಗದವನಂತೆ ಆಕಾಶ ನೋಡಿದ. ರಮ್ಯಳಿಗೆ ಅವತ್ತು ರಾಗಿ ಹಸನು ಮಾಡಲು ಕೂತರೂ ನಗು, ಕಸ ಹೊಡೆದರೂ ನಗು.

ಶ್ರಾವಣದಲ್ಲಿ ಪುಟ್ಟಗೌರಮ್ಮ ಎಲೆ ಅಡಿಕೆ ತಂದು ನೇರವಾಗಿ ಹೆಣ್ಣು ಕೇಳಿದಳು. ಇಬ್ಬರೂ ಆಚಾರಿಗಳ ಮನೆಯವರೇ, ಅಡ್ಡಿ ಹೇಳಲು ಏನಿತ್ತು? ಬಡಗಿ ಕೆಲಸದ ಅಪ್ಪ ಸುಬ್ರಹ್ಮಣ್ಯಾಚಾರಿ ಆಗಲೇ ಮುಖವೆಲ್ಲ ನಗುವಾಗಿದ್ದ.

ನಾಗಲಕ್ಷ್ಮಮ್ಮ ಪದ್ಧತಿಯಂತೆ ಕೇಳಿದಳು. “ನಮ್ಮನೆ ಮದ್ದು ಯಾವತ್ತಾದ್ರೂ ಕುಡ್ದಿದ್ದೀಯೇನಪ್ಪ?”

“ಇಲ್ಲ,” ಅಂದ ಮೋಹನ. ಆಮೇಲೆ ತಡೆಯಲಾರದೆ ಹೇಳಿಬಿಟ್ಟ. “ಮೊದಲ್ನೇ ದಿನ ಕೈ ಒಡ್ಡಿದ್ದೆ. ಅಷ್ಟ್ರಲ್ಲಿ ನಿಮ್ಮ ಮಗಳು ಬಂದ್ಬುಟ್ಲು. ಕುಡುದ್ರೆ ಈ ಮನೆ ಮಗ ಆಗೋಯ್ತೀನಿ, ಆಮೇಕೆ ಇವಳ ಆಸೆ ಬುಡ್ಬೇಕು ಅಂತ ಕೈ ಇಂದಕ್ಕೆ ತಗಂಡೆ. ಎಷ್ಟೇ ನೋವಾದ್ರೂ ಮುಟ್ನಿಲ್ಲ ಕಣಮ್ಮೋರೆ. ದೇವ್ರು ದೊಡ್ಡೋನು, ತಾನಾಗೇ ವಾಸಿ ಆಯ್ತು.”

ಎಲ್ಲರೂ ನಕ್ಕರು. ಬಾಗಿಲ ಬಳಿ ನಿಂತಿದ್ದ ರಮ್ಯಳಿಗೆ ಅವನ ಹಟ ಏತಕ್ಕೆಂದು ಆಗ ತಿಳಿಯಿತು.

ಅವಳು ಸುಮ್ಮನಿದ್ದರೆ ಆಗಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ, ಕಾರ್ತಿಕದಲ್ಲೇ ಮದುವೆ. ಅಪ್ಪ ಕಲ್ಲನ್ನು ತಂದು ನಡುಮನೆಯಲ್ಲಿಟ್ಟ. ಮೋಹನ ಅವಳನ್ನೇ ನೋಡುತ್ತ ನಗುನಗುತ್ತ ಬಗ್ಗಿದ. ಬೇಲಿಯ ಮರೆಯಲ್ಲಿ ಅವನು ಬಾಗಿ ನರಳಿದ್ದು ಅವಳ ಕಣ್ಣ ಮುಂದೆ ಬಂತು.

“ಮುಟ್ಬೇಡಿ!”

ಓಡಿ ಬಂದು ಅವನ ಮಣಿಕಟ್ಟು ಹಿಡಿದುಕೊಂಡಳು. ಅಷ್ಟು ಜನರೆದುರು ಅವನ ಕೈ ಹಿಡಿದದ್ದು ಅದೇ ಮೊದಲು.

“ಕುಡಿದವ್ರೆ ಅಮ್ಮ. ಅವ್ರಿಗೆ ಗೊತ್ತಿಲ್ಲ. ಪಾನಕದಲ್ಲಿ ನಾನೇ ಬೆರೆಸಿ ಕೊಡ್ತಿದ್ದೆ.”

ನಾಗಲಕ್ಷ್ಮಮ್ಮ ಸೆರಗು ಬಾಯಿಗೊತ್ತಿಕೊಂಡು ಗೋಡೆಗೆ ಒರಗಿದಳು. ಪುಟ್ಟಗೌರಮ್ಮ ಎಲೆ ಅಡಿಕೆಯ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು ಎದ್ದಳು.

ಮೋಹನನ ಹಿಂದೆ ಮೊಪೆಡ್ಡಿನವರೆಗೆ ಹೋದ ರಮ್ಯಳನ್ನು ಯಾರೂ ತಡೆಯಲಿಲ್ಲ.

“ಮೈಸೂರಿಗೆ ಒಂಟೋಗಾನ,” ಅಂದ ಅವನು. “ಅಲ್ಲಿ ಯಾವ ಕಲ್ಲೂ ಇಲ್ಲ.”

“ಮದ್ದು ಕುಡ್ದ ಎಣ್ಮಕ್ಳು ದಿಕ್ಕಿಲ್ದಾಗ ಬಂದು ನಮ್ಮ ಜಗಲೀಲಿ ಮಲಗ್ತಾರೆ, ತೌರುಮನೆ ಅಂತ. ನಾನೇ ಅಮ್ಮನ ಮಾತು ಮುರುದ್ರೆ ಅವ್ರು ಯಾರನ್ನ ನಂಬ್ಬೇಕು?” ಅವಳು ಅಳುತ್ತಿದ್ದಳು. “ನಂಗೆ ನೀವೇ ಬೇಕಾಗಿತ್ತು. ಈಗ್ಲೂ ನೀವೇ ಬೇಕು.”

ಅವನು ಮೊಪೆಡ್ಡಿನ ಸ್ಟ್ಯಾಂಡು ತೆಗೆದ.

“ಯಾಕೆ ಕುಡಿಯಾಕಿಲ್ಲ ಅಂತ ನಾನೇ ಯೋಳ್ಬುಡಬೇಕಿತ್ತು,” ಅಂದ. “ಯೋಳಿದ್ರೆ ನೀನು ಬೆರೆಸ್ತಿರ್ನಿಲ್ಲ. ಅಲ್ವಾ?”

ಹೌದು ಅಂದಿದ್ದರೆ ಅವನಿಗೂ ಒಂದಿಷ್ಟು ಸಮಾಧಾನವಾಗುತ್ತಿತ್ತೇನೋ. ರಮ್ಯ ಕಣ್ಣೊರೆಸಿಕೊಂಡು, ತುಂಬಿಕೊಂಡಿದ್ದ ಅವನ ಕೆನ್ನೆಯನ್ನು ನೋಡಿದಳು.

“ಇಲ್ಲ,” ಅಂದಳು. “ಆಗ್ಲೂ ಬೆರೆಸ್ತಿದ್ದೆ.”