ಮೊರದ ತುಂಬ ಈರುಳ್ಳಿ

"ಅಟ್ಟದಿಂದ ಮೊರದ ತುಂಬ ಈರುಳ್ಳಿ ಇಳಿಸ್ಕಂಡಿದ್ದೆಯಲ್ಲ, ಅದೆಲ್ಲಿಗೆ ಹೋಯ್ತೇ? ಬಾಯಿ ಬುಟ್ಟು ಹೇಳೇ!"

ಚಿಕ್ಕಸಿದ್ದಮ್ಮನ ಕೂಗಿಗೆ ಹಿತ್ತಿಲಲ್ಲಿ ಕೆದಕುತ್ತಿದ್ದ ಕೋಳಿಗಳೂ ಬೆದರಿ ಬೇಲಿ ಹಾರಿದವು. ಬಟ್ಟೆಯಲ್ಲಿ ಹಿಡಿದ ಬಿಸಿ ಮಡಕೆಯನ್ನು ಆಕೆ ಸೊಸೆಯ ಮುಖದ ಹತ್ತಿರ ಒಡ್ಡಿದ್ದಳು. ಅದರ ತಳದಲ್ಲಿ ಹಳೆಯ ಹುಣಸೆಹಣ್ಣಿನ ಬಣ್ಣದ, ಮೆತ್ತಗಿನ, ಒಂದು ಹಿಡಿಯಷ್ಟು ಏನೋ ಇತ್ತು. ಅಷ್ಟೇ! ರಾಚಮ್ಮ ಒಲೆಯ ಬದಿಯಲ್ಲಿ ಸೆರಗು ಬಾಯಿಗೊತ್ತಿಕೊಂಡು ನಿಂತಿದ್ದಳು. ಮದುವೆಯಾಗಿ ಬಂದು ಇನ್ನೂ ಎರಡು ಸುಗ್ಗಿ ಕಂಡಿರದ ಹುಡುಗಿ.

"ಕುಗ್ಗೋಯ್ತು ಅತ್ತೆಮ್ಮ... ಹುರೀತಾ ಹುರೀತಾ ಅಷ್ಟೇ ಆಯ್ತು."

"ಈ ಒಲೆ ಮುಂದೆ ತಲೆ ನೆರೆಸ್ಕಂಡೋಳು ಕಣೇ ನಾನು! ಈರುಳ್ಳಿ ಕುಗ್ಗೋದು ನಂಗೊತ್ತಿಲ್ವಾ? ಕುಗ್ಗುದ್ರೆ ಅರ್ಧ ಆಯ್ತದೆ. ಮೊರ ಹೋಗಿ ಮುಷ್ಟಿ ಆಯ್ತದಾ? ಬೆಳಿಗ್ಗೆ ನಿಮ್ಮಪ್ಪ ಬಂದಿದ್ದ. ಬರುವಾಗ ಚೀಲ ಮಡಿಸಿ ಹೆಗಲ ಮ್ಯಾಲೆ ಆಕಂಡಿದ್ದ. ಹೋಗುವಾಗ ಅದೇ ಚೀಲ ಬಸುರಿ ಅಂಗೆ ಉಬ್ಬಿತ್ತು! ನನ್ನ ಕಣ್ಣೇನು ಹೋಗಿಲ್ಲ ಇನ್ನೂ!"

"ಅಯ್ಯೋ ಶಿವನೇ... ಅದು ಕಂಬಳಿ ಅತ್ತೆಮ್ಮ! ಚಳೀಲಿ ಹೊದ್ಕಂಡು ಬಂದಿದ್ರು. ಬಿಸ್ಲೇರ್ತು ಅಂತ ಚೀಲಕ್ಕೆ ತುರುಕ್ಕಂಡ್ರು. ನಮ್ಮಪ್ಪ ಬಡವ ಇರ್ಬೋದು... ಕಳ್ಳ ಅಲ್ಲ!"



ಈ ಈರುಳ್ಳಿಯ ರಾಮಾಯಣಕ್ಕೆ ಕಾರಣ ರಾಚಮ್ಮನ ಮಾವ ಚಾಮಯ್ಯ. ಹುಣಸೂರಿನ ಆಚೆ ತೋಪಿನ ಬಂಗಲೆಯಲ್ಲಿದ್ದ ಫ್ರೆಂಚ್ ಪಾದ್ರಿಗಳ ಮನೆಯಲ್ಲಿ ಆತ ಹರೆಯದಿಂದ ನೆರೆಗೂದಲಿನವರೆಗೆ ಅಡಿಗೆ ಮಾಡಿದವನು. ಮುದಿ ಪಾದ್ರಿಗಳು ತಮ್ಮ ಸೀಮೆಗೆ ಹಡಗು ಹತ್ತಿದ ಮೇಲೆ ಮನೆಗೆ ಬಂದು ಕೂತ. ಈ ಸಲದ ಮಾಗಿಯಲ್ಲಿ ವಿಷಮಶೀತ ಜ್ವರ ಬಂದು, ದೇವರ ದಯೆಯಿಂದ ಜೀವ ಉಳಿಯಿತು. ನಾಲಿಗೆ ಮಾತ್ರ ಸತ್ತುಹೋಗಿತ್ತು. ಗಂಜಿ ಕೊಟ್ಟರೆ ಮುಖ ತಿರುಗಿಸುವನು, ಸಾರು ಕೊಟ್ಟರೆ ಕಣ್ಣು ಮುಚ್ಚುವನು. ನಿನ್ನೆ ಸಂಜೆ ಸೊಸೆ ಬೇಡಿಕೊಂಡಾಗ, "ಒಂದು ಈರುಳ್ಳಿ ಸಾರು ಆದ್ರೆ ಕುಡ್ದೇನು ಕಣವ್ವ... ಪಾದ್ರಿ ಸ್ವಾಮಿಗಳು ಉಪವಾಸದ ಕಾಲ್ದಲ್ಲಿ ಮಾಂಸ ಬುಟ್ಟು ಕುಡೀತಿದ್ರಲ್ಲ, ಅದು" ಎಂದಿದ್ದ. ಹೇಗೆ ಮಾಡುವುದೆಂದು ಮಂಚದಿಂದಲೇ ಹೇಳಿಕೊಟ್ಟಿದ್ದ. ಎಳೆ ಎಳೆಯಾಗಿ ಹೆಚ್ಚಬೇಕು. ಬೆಣ್ಣೆಯಲ್ಲಿ, ಸಣ್ಣ ಉರಿಯಲ್ಲಿ, ಕೈ ಬಿಡದೆ ತಿರುವಬೇಕು. ಅವಸರ ಮಾಡಿದರೆ ಕರಕು, ತಾಳ್ಮೆಯಿಂದ ಕಾದರೆ ಜೇನು.

ರಾಚಮ್ಮ ಕಾದಳು. ಹುರಿದು ಮುಗಿಸಿ, ನೀರು ಹುಯ್ಯುವ ಮೊದಲು ಕಣಜದ ಕೋಣೆಗೆ ರಾಗಿಹಿಟ್ಟು ತರಲು ಹೋದಳು. ಹಿಂದಿರುಗುವಷ್ಟರಲ್ಲಿ ಅತ್ತೆ ಮಡಕೆಯೊಳಗೆ ಇಣುಕಿಬಿಟ್ಟಿದ್ದಳು.

"ಸಣ್ಣಯ್ಯ! ಗಾಡಿ ಕಟ್ಟಲಾ!" ಚಿಕ್ಕಸಿದ್ದಮ್ಮ ಅಂಗಳದ ಕಡೆಗೆ ತಿರುಗಿ ಕಿರುಚಿದಳು. "ಇವಳ್ನ ಹನಗೋಡಿಗೆ ಬುಟ್ಟು ಬಾ. ತವರು ಮನೆ ತುಂಬ್ಸೋಳು ತವರಲ್ಲೇ ಇರ್ಲಿ. ಇಲ್ಲಿಗೆ ಮತ್ತೆ ಕರ್ಕಂಡು ಬಂದ್ಯೋ, ನಾನು ಈ ಮನೇಲಿ ಒಂದ್ ತೊಟ್ಟು ನೀರು ಮುಟ್ಟಕಿಲ್ಲ!"

ಕೊಟ್ಟಿಗೆಯಿಂದ ಬಂದ ಸಣ್ಣಯ್ಯ ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. "ಅವ್ವ, ಒಸಿ ನಿಧಾನ..." ಎಂದ.

"ನಿಧಾನ ಅನ್ನೋನು ಅವಳ ಹಿಂದೇನೇ ಹೋಗು!"

ತಾಯಿಯ ಮಾತು ಮೀರಿದ ಮಗನಲ್ಲ ಅವನು. ತಲೆ ತಗ್ಗಿಸಿ ಎತ್ತುಗಳ ಕಡೆ ನಡೆದ. ರಾಚಮ್ಮ ಒಳಗೆ ಹೋಗಿ ತನ್ನ ಎರಡು ಸೀರೆಯನ್ನು ಗಂಟು ಕಟ್ಟಿಕೊಂಡು ಬಂದು ಜಗಲಿಯ ಮೂಲೆಯಲ್ಲಿ ಕುಳಿತಳು. ಗಂಡ ಬಿಟ್ಟವಳು ಎಂಬ ಹೆಸರು ಹೊತ್ತು ಹನಗೋಡಿನ ಹೊಳೆದಂಡೆಯಲ್ಲಿ ನೀರು ತುಂಬುವ ದಿನಗಳು ಆಗಲೇ ಅವಳ ಕಣ್ಣ ಮುಂದೆ ನಿಂತಿದ್ದವು... ತಂಗಿಯರ ಮದುವೆ ಯಾರು ಮಾಡಿಕೊಂಡಾರು? ಅಪ್ಪ ಯಾವ ಮುಖ ಇಟ್ಟುಕೊಂಡು ಊರಲ್ಲಿ ತಿರುಗಾಡಿಯಾನು?

ಆಗ ನಡುಮನೆಯಲ್ಲಿ ಮಂಚ ಕಿರುಗುಟ್ಟಿತು. ಜಗಳದ ಸದ್ದಿಗೆ ಮಂಪರಿನಿಂದ ಎದ್ದ ಚಾಮಯ್ಯ ಗೋಡೆ ಹಿಡಿದು, ಹೆಜ್ಜೆಗೊಮ್ಮೆ ನಿಂತು, ಅಡಿಗೆಮನೆಗೆ ಬರುತ್ತಿದ್ದ!

"ಸಿದ್ದಿ," ಎಂದ ಏದುಸಿರು ಬಿಡುತ್ತ. "ಗಾಡಿ ಹೋಗ್ಲಿ. ಅದಕ್ಕೆ ಮುಂಚೆ ನೀನೊಂದು ಮೊರ ಹೆಚ್ಚು. ನೀನೇ ಹೆಚ್ಚು, ನೀನೇ ಹುರಿ. ಯಾರೂ ಒಳಕ್ಕೆ ಬರೋದು ಬ್ಯಾಡ. ಅರ್ಧ ಮೊರ ಉಳೀತು ಅಂದ್ರೆ ನಾನೇ ಅವಳ್ನ ಗಾಡಿ ಹತ್ತುಸ್ತೀನಿ."

"ಅಟ್ಟದಲ್ಲಿ ಉಳಿದಿರೋದ್ನೂ ಸುಟ್ಟು ನೋಡ್ಬೇಕಾ? ಸಂತೆ ಇನ್ನೂ ದೂರ ಅದೆ!"

"ಸೊಸೆಗಿಂತ ಈರುಳ್ಳಿ ದೊಡ್ದಾ?"

ಚಿಕ್ಕಸಿದ್ದಮ್ಮ ಧಡಧಡನೆ ಅಟ್ಟ ಹತ್ತಿ ಇದ್ದಬದ್ದ ಈರುಳ್ಳಿಯನ್ನೆಲ್ಲ ಮೊರಕ್ಕೆ ಸುರಿದುಕೊಂಡು ಬಂದಳು. ಈಳಿಗೆಮಣೆಯ ಮೇಲೆ ಕುಳಿತು ಹೆಚ್ಚತೊಡಗಿದಳು. ಕಣ್ಣು ಮೂಗು ಒಂದಾಗಿ ಸುರಿಯಿತು, ಒರೆಸಿಕೊಳ್ಳಲೂ ಇಲ್ಲ. ಸೋಲಬಾರದೆಂಬ ಹಟ! ಸೊಸೆಯ ಮಡಕೆಯನ್ನು ಪಕ್ಕಕ್ಕೆ ಸಾಕ್ಷಿಗೆಂಬಂತೆ ಇಟ್ಟು, ಬೇರೆ ಮಡಕೆಗೆ ಬೆಣ್ಣೆ ಹಾಕಿ, ಹೆಚ್ಚಿದ್ದನ್ನೆಲ್ಲ ಸುರಿದಳು. ಮಡಕೆ ಕಂಠದವರೆಗೆ ತುಂಬಿತು. ಚಾಮಯ್ಯ ಗೋಡೆಗೊರಗಿ ಒಲೆಯ ಪಕ್ಕದಲ್ಲೇ ಕುಳಿತ.

"ಸೌದೆ ಒಸಿ ಎಳಿ. ಉರಿ ಜಾಸ್ತಿ ಆಯ್ತು."

"ನಂಗೇಳ್ಕೊಡೋಕೆ ಬರಬ್ಯಾಡಿ," ಎಂದಳು. ಆದರೂ ಸೌದೆ ಎಳೆದಳು.

ಒಂದೇ ಒಲೆಯ ಮುಂದೆ ಗಂಡಹೆಂಡಿರು ಹೀಗೆ ಕುಳಿತದ್ದು ಅದೇ ಮೊದಲು. ಪರಂಗಿಯವರ ಅಡಿಗೆ ಮುಟ್ಟಿ ಬರುವವನೆಂದು ಚಿಕ್ಕಸಿದ್ದಮ್ಮ ಅವನನ್ನು ಬಾವಿಕಟ್ಟೆಯಲ್ಲಿ ಮೀಯಿಸದೆ ಹೊಸ್ತಿಲು ದಾಟಿಸಿದವಳಲ್ಲ. ಅಡಿಗೆಮನೆಯಂತೂ ಅವನಿಗೆ ಕಟ್ಟುನಿಟ್ಟಾಗಿ ವರ್ಜ್ಯವಾಗಿತ್ತು. ಸೌಟು ತಿರುಗಿತು. ಬಿಳಿಯದು ಬೆವೆತಿತು, ಬೆವೆತದ್ದು ಬಾಡಿತು, ಬಾಡಿದ್ದು ಹೊನ್ನಾಯಿತು. ಬಿಸಿಲು ಕಿಟಕಿಯಿಂದ ಸರಿದು ಕಂಬದ ಮೇಲೆ ಬಿತ್ತು. ಅವಳ ತೋಳು ಸೋಲುತ್ತ ಬಂದಂತೆ ಮಾತು ತಾನಾಗಿ ಹೊರಬಂತು.

"ಅಷ್ಟೊರ್ಷ ಆ ಪಾದ್ರಿಗೆ ಬೇಯಿಸಿ ಆಕುದ್ರಿ. ಒಂದಿನ ನಂಗೆ ಒಂದು ಲೋಟ ನೀರಾದ್ರೂ ಕಾಯಿಸಿ ಕೊಟ್ರಾ? ಊರೋರೆಲ್ಲ 'ಪಾದ್ರಿ ಅಡಿಗೆಯೋನ ಹೆಂಡ್ತಿ' ಅಂತ ಆಡ್ಕಂಡು ನಗೋರು. ಹೆಸರು ನಂಗೆ, ಊಟ ಅವ್ರಿಗೆ!"

ಚಾಮಯ್ಯ ಹೊರಗೆ ಉರುಳಿದ ಕೆಂಡವೊಂದನ್ನು ಒಲೆಗೆ ತಳ್ಳಿದ.

"ಒಂದಿನ ತಂದಿದ್ದೆ," ಎಂದ. "ಸಣ್ಣಯ್ಯ ಹುಟ್ದಾಗ. ನಿಂಗೂ ಅನ್ನ ಸೇರ್ತಿರ್ಲಿಲ್ಲ. ಹೊಸಾ ಮಡಕೇಲಿ ಬ್ಯಾರೆ ಮಾಡ್ಕಂಡು, ಹೆಗಲ ಸೆಲ್ಯದಲ್ಲಿ ಮುಚ್ಕಂಡು ಬಂದೆ. ಬಾಣಂತಿ ನೋಡೋಕೆ ಹೆಂಗಸ್ರು ಬಂದಿದ್ರು. ಅವ್ರ ಮುಂದೆ ನೀನು ಮಡಕೆ ಸಮೇತ ತಿಪ್ಪೆಗೆ ಎಸೆಸ್ದೆ."

ಸೌಟು ನಿಂತಿತು.

"ಅದು... ಇದೇನಾ?"

"ಇದೇ ಕಣೆ. ತಿರುವು, ತಳ ಹತ್ತುತ್ತೆ."

ಚಿಕ್ಕಸಿದ್ದಮ್ಮ ತಿರುವಿದಳು. ಈಗ ಕಣ್ಣು ಸುರಿಯುತ್ತಿದ್ದುದು ಯಾಕೆಂದು ಅವಳನ್ನು ಯಾರೂ ಕೇಳಬೇಕಾಗಿರಲಿಲ್ಲ. ಅಂದಿನ ಆ ಹೆಂಗಸರಲ್ಲಿ ಬದುಕಿದವರೆಷ್ಟೋ, ಸತ್ತವರೆಷ್ಟೋ! ಅವರ ನಗೆಗೆ ಹೆದರಿ ಎಂಥದನ್ನು ಎಸೆದುಬಿಟ್ಟೆ... ಬಗ್ಗಿ ಮಡಕೆಯೊಳಗೆ ನೋಡಿದಳು. ಕಂಠದವರೆಗೆ ತುಂಬಿದ್ದ ಈರುಳ್ಳಿ ತಳದಲ್ಲಿ ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿ ಒಂದು ಹಿಡಿಯಷ್ಟಾಗಿ ಕೂತಿತ್ತು. ಯಾರೂ ಒಳಗೆ ಬಂದಿರಲಿಲ್ಲ, ಯಾರೂ ಹೊರಗೆ ಹೋಗಿರಲಿಲ್ಲ. ಸೌಟು ಅವಳ ಕೈಯಲ್ಲೇ ಇತ್ತು. ಸೊಸೆಯ ಮಡಕೆಯನ್ನು ಎಳೆದು ಪಕ್ಕದಲ್ಲಿಟ್ಟು ನೋಡಿದಳು. ಅವಳಿ ಮಕ್ಕಳಂತೆ ಎರಡೂ ಒಂದೇ!

"ನನ್ನ ಕಣ್ಣ ಮುಂದೇನೇ... ಶಿವ ಶಿವಾ!"

ಚಾಮಯ್ಯ ಗೆದ್ದೆನೆಂದು ನಗಲಿಲ್ಲ, ಉರಿಯುತ್ತಿದ್ದ ಸೌದೆಯನ್ನು ಹೊರಗೆಳೆದ.

ಹೊರಗೆ ಗಾಡಿ ಸಿದ್ಧವಾಗಿತ್ತು. ಸಣ್ಣಯ್ಯ ನೊಗ ಹಿಡಿದು, ಹೆಂಡತಿಯನ್ನು ಏಳೆನ್ನಲೂ ಆರದೆ, ಕೂರೆನ್ನಲೂ ಆರದೆ ನಿಂತಿದ್ದ. ಚಿಕ್ಕಸಿದ್ದಮ್ಮ ಸೌಟು ಹಿಡಿದೇ ಬಾಗಿಲಿಗೆ ಬಂದಳು. ರಾಚಮ್ಮ ಗಂಟು ಎತ್ತಿಕೊಂಡು ಎದ್ದು ನಿಂತಳು.

ಅತ್ತೆ ಆ ಗಂಟನ್ನು ನೋಡಿದಳು. ಸೌಟನ್ನು ಅವಳತ್ತ ಚಾಚಿ ಕೇಳಿದಳು:

"ಅಮ್ಮೀ... ನೀರು ಯಾವಾಗ ಹುಯ್ಯಬೇಕು?"

ರಾಚಮ್ಮನಿಗೆ ಕ್ಷಣಕಾಲ ತಿಳಿಯಲಿಲ್ಲ. ತಿಳಿದ ಮೇಲೆ ಗಂಟು ಎಲ್ಲಿ ಬಿತ್ತೋ, ಸೆರಗು ಎಲ್ಲಿ ಜಾರಿತೋ! "ಈಗ್ಲೇ ಅತ್ತೆಮ್ಮ! ತಳ ಹತ್ತುದ್ರೆ ಕಹಿ ಆಯ್ತದೆ!" ಎನ್ನುತ್ತ ಒಳಗೆ ಓಡಿದಳು. ಸಣ್ಣಯ್ಯ ಮಾತ್ರ ಬಾಯಿ ತೆರೆದುಕೊಂಡು ನಿಂತೇ ಇದ್ದ.

"ಅಲ್ಲೇನ್ಲಾ ದೇವಸ್ಥಾನದ ಬಸವನಂಗೆ ನಿಂತಿದ್ದೀಯ? ಎತ್ತು ಬಿಚ್ಚಲಾ!" ಎಂದು ತಾಯಿ ಗದರಿದಳು.

ಮುಂದಿನದು ಹಬ್ಬದ ಮನೆಯ ಗಡಿಬಿಡಿ. ಎರಡು ಮಡಕೆಯದನ್ನೂ ಒಂದು ಮಾಡಿ, ಚಿಟಿಕೆ ರಾಗಿಹಿಟ್ಟು ಉದುರಿಸಿ, ಕಾದ ನೀರು ಹುಯ್ದರು. ಉಪ್ಪು, ಮೆಣಸು ಬಿತ್ತು. ಪಾದ್ರಿಗಳ ಮನೆಯಲ್ಲಿ ಮೇಲೆ ಬ್ರೆಡ್ಡಿನ ಹೋಳು, ಅದರ ಮೇಲೆ ಚೀಸು ಎಂಬ ಹೆಪ್ಪುಗಟ್ಟಿದ ಹಾಲಿನ ಗಡ್ಡೆ ಇಡುತ್ತಿದ್ದರೆಂದು ಚಾಮಯ್ಯ ಹೇಳಿದ.

"ಬ್ರೆಡ್ಡು ಯಾಕೆ? ನಮ್ಮ ರಾಗಿ ರೊಟ್ಟಿ ಏನು ಪಾಪ ಮಾಡೈತೆ?" ಎಂದಳು ಚಿಕ್ಕಸಿದ್ದಮ್ಮ. "ಹಾಲಿನ ಗಡ್ಡೆ ಅಂದ್ರೆ ಗಿಣ್ಣು ತಾನೇ? ಕೆಂದಿ ಮೊನ್ನೆ ತಾನೆ ಕರು ಹಾಕೈತೆ. ಬೆಲ್ಲ ಬುಟ್ಟು, ಉಪ್ಪು ಹಾಕಿ ಬೇಯಿಸ್ತೀನಿ ಬುಡಿ."

ಕೆಂಡದ ಮೇಲೆ ಗರಿಗರಿಯಾಗಿ ಸುಟ್ಟ ರೊಟ್ಟಿಯ ಚೂರು ತೇಲಿಬಿಟ್ಟು, ಅದರ ಮೇಲೆ ಗಿಣ್ಣಿನ ಹೋಳು ಇಟ್ಟು, ಮುಚ್ಚಳದ ಮೇಲೆ ಕೆಂಡ ಹಾಕಿದರು. ತೆಗೆದಾಗ ಮೇಲೆಲ್ಲ ಹೊಂಬಣ್ಣದ ಕೆನೆ. ಇಡೀ ಮನೆ ಘಮಘಮ!

ಚಾಮಯ್ಯ ಬೋಗುಣಿಯನ್ನು ಎರಡೂ ಕೈಯಲ್ಲಿ ಹಿಡಿದು, ದೇವರನ್ನು ನೆನೆದು, ಒಂದು ಗುಟುಕು ಕುಡಿದ. ಕಣ್ಣು ಮುಚ್ಚಿದ. ಮತ್ತೊಂದು ಗುಟುಕು. ಎಷ್ಟೋ ದಿನದಿಂದ ಗಂಜಿಗೂ ಬಾಯಿ ತೆರೆಯದವನು ಅರ್ಧ ಬೋಗುಣಿ ಬರಿದು ಮಾಡಿದ. ಹೆಂಡತಿ ಬಾಗಿಲ ಬಳಿ ಉಸಿರು ಬಿಗಿಹಿಡಿದು ನಿಂತಿದ್ದಳು.

"ಎಂಗದೆ? ನಿಮ್ಮ ಪಾದ್ರಿಗಳ ಮನೇದು ಇದಕ್ಕಿಂತ ಚೆನ್ನಾಗಿತ್ತಾ?"

"ಅದೆಂಗಿತ್ತೋ," ಎಂದ ಚಾಮಯ್ಯ, ತುಟಿ ಒರೆಸಿಕೊಳ್ಳುತ್ತ. "ಮರ್ತೇ ಹೋಯ್ತು ಕಣೆ."

ಸುಳ್ಳೆಂದು ಅವಳಿಗೆ ಗೊತ್ತಿತ್ತು. ಅಂಥ ಸುಳ್ಳನ್ನು ಅವನು ಅವಳಿಗಾಗಿ ಹೇಳಿದ್ದು ಕೂಡ ಗೊತ್ತಾಯಿತು. ಒಳಗೆ ಬಂದಳು.

ಒಳಗೆ ರಾಚಮ್ಮ ಗಂಡನಿಗೆ ಬಡಿಸಿ, ತಾನು ಎಂದಿನಂತೆ ಎಲ್ಲರ ಕೊನೆಯಲ್ಲಿ ಉಳಿದದ್ದು ಕುಡಿಯಲು ಮಡಕೆಯ ಪಕ್ಕ ನಿಂತಿದ್ದಳು. ಚಿಕ್ಕಸಿದ್ದಮ್ಮ ಮಣೆಯೊಂದನ್ನು ಕಾಲಿನಿಂದ ಅವಳತ್ತ ಸರಿಸಿದಳು.

"ಕುಂತ್ಕೊ."

"ನೀವು ಉಣ್ಣದೆ..."

"ಕುಂತ್ಕೊ ಅಂದೆ! ನಾಳೆ ನಾನೇ ಹನಗೋಡಿಗೆ ಹೋಗಿ ಬತ್ತೀನಿ. ಬೀಗರ್ನ ಆಡಬಾರದ್ದು ಆಡ್ಬುಟ್ಟೆ. ಅವ್ರ ಮುಂದೆ ಹೇಳಿ ಬರ್ಬೇಕು."

"ಬ್ಯಾಡಿ ಅತ್ತೆಮ್ಮ, ಅಪ್ಪಂಗೆ ಏನೂ ಗೊತ್ತಿಲ್ಲ. ಕೇಳುದ್ರೆ ನೊಂದ್ಕೋತಾರೆ."

"ಅವ್ರಿಗೆ ಕೇಳ್ಸಿಲ್ಲ. ಮ್ಯಾಲಿರೋನಿಗೆ ಕೇಳ್ಸೈತಲ್ಲ?" ಎಂದು ಆಕೆ ಬೋಗುಣಿಗೆ ಬಡಿಸಿ ಸೊಸೆಯ ಕೈಗಿಟ್ಟಳು. "ಆಯ್ತು, ಹೇಳಾಕಿಲ್ಲ ಬುಡು. ಹೋಗಿ ಅವ್ರ ಮನೇಲಿ ಒಂದು ತುತ್ತು ಉಂಡು ಬತ್ತೀನಿ. ಮದ್ವೆ ಆದಾಗ್ಲಿಂದ ಒಂದ್ಸಲನೂ ಉಂಡಿಲ್ಲ."

ರಾಚಮ್ಮ ಮಣೆಯ ಮೇಲೆ ಕುಳಿತಳು. ಬಿಸಿಗೆ ತುಟಿ ಸುಟ್ಟರೂ ಬೋಗುಣಿ ಕೆಳಗಿಡಲಿಲ್ಲ. ನಡುಮನೆಯಲ್ಲಿ ಮಾವ, ಜಗಲಿಯಲ್ಲಿ ಗಂಡ, ಇಲ್ಲಿ ಅವಳು. ಮೂವರೂ ಸೊರ್ರೆಂದು ಹೀರುವ ಸದ್ದು ಮನೆಯ ತುಂಬ ಕೇಳುತ್ತಿತ್ತು. ಪುರಾಣ ಕೇಳಲು ಕುಳಿತವಳಂತೆ ಅದನ್ನು ಆಲಿಸುತ್ತ ಚಿಕ್ಕಸಿದ್ದಮ್ಮ ಒಲೆಯ ಮುಂದೆ ಕುಳಿತೇ ಇದ್ದಳು, ಇನ್ನೊಂದು ಸೌಟು ಯಾರಿಗೆ ಬೇಕಾದೀತೋ ಎಂದು ಕಾಯುತ್ತ.